ಹೇಳೋದೆಲ್ಲ ಹೇಳಿಯಾದ ಮೇಲೆ

ಮೈಕಿನ ತಲೆಗೆ ಯಾರೋ ಕುಟ್ಟಿದರು, ಅದು ಕುಂಯ್‌ಗುಟ್ಟಿತು, ಆಮೇಲೆ ಪ್ರಾಂಶುಪಾಲನ ದನಿ — ಮೇಷ್ಟ್ರ ಹಳೆಯ ವಿದ್ಯಾರ್ಥಿಯೇ, ಪ್ರಯೋಗಶಾಲೆಯಲ್ಲಿ ಪ್ಯಾಂಟು ಸುಟ್ಟುಕೊಂಡು ಇವರ ಕೋಟು ಸುತ್ತಿಕೊಂಡು ಮನೆಗೆ ಹೋದವನು, ಈಗ ನೋಡಿದರೆ ಏನು ಗತ್ತು — ನಮ್ಮ ಪ್ರೊಫೆಸರು ಬಹುಮುಖ ಪ್ರತಿಭೆ, ರಸಾಯನಶಾಸ್ತ್ರ ಕಲಿಸಿದರು, ವೈನ್ ಮಾಡಿದರು, ಮರಗೆಲಸ ಮಾಡಿದರು, ಇವತ್ತು ಈ ಆತ್ಮಕಥೆ ಬಿಡುಗಡೆಯಾಗಿ ಲೇಖಕರೂ ಆದರು ಎಂದು ಬೆರಳು ಮಡಚುತ್ತಿದ್ದ, ಮುಂದಿನ ಸಾಲಿನಲ್ಲಿ ಕೂತ ಮೇಷ್ಟ್ರ ಹೆಂಡತಿಗೆ ನಗು ಬಂತು, ಬಹುಮುಖವಂತೆ, ಇರುವುದೊಂದು ಮುಖ, ಅದಕ್ಕೂ ಕ್ಷೌರ ಮಾಡಿಕೊಳ್ಳಿ ಎಂದು ದಿನಾ ಬೆನ್ನು ಹತ್ತಬೇಕು — ಇವತ್ತು ಮಾತ್ರ ಹೇಳದೆಯೇ ಮಾಡಿಕೊಂಡಿದ್ದರು, ಕೊಟ್ಟ ಅಂಗಿ ತೊಟ್ಟರು, ಗುಂಡಿ ಸಡಿಲವಿದೆ ಎಂದೂ ಅನ್ನಲಿಲ್ಲ. ವೇದಿಕೆಯ ಮೇಲೆ ನೋಡು ಹೇಗೆ ಕೂತಿದ್ದಾರೆ, ಉದ್ದನೆಯ ಮೇಜು, ಬಿಳಿ ಬಟ್ಟೆ, ಅದರ ಹಿಂದೆ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು, ಫೋಟೋ ತೆಗೆಸಿಕೊಳ್ಳುವವರ ಹಾಗೆ. ಈ ಮನುಷ್ಯ ಹೀಗೆ ಕೂತದ್ದನ್ನು ಅವಳು ಯಾವತ್ತು ನೋಡಿದ್ದಳು?

ವೈನ್ ಮಾಡಿದರು ಎಂದು ಎಷ್ಟು ಸುಲಭವಾಗಿ ಅಂದುಬಿಟ್ಟ, ದ್ರಾಕ್ಷಿ ರಸ ಹೇಗೆ ಹುದುಗುತ್ತೆ ಅಂತ ಬೋರ್ಡಿನ ಮೇಲೆ ಬರೆದೂ ಬರೆದೂ ಬೇಜಾರಾಯ್ತು ಕಣೇ, ಇನ್ನು ಮಾಡೇ ನೋಡ್ತೀನಿ, ಎಂದು ಇವರು ಒಂದು ಮಧ್ಯಾಹ್ನ ಕಾಲೇಜಿನ ಕೆಲಸ ಬಿಟ್ಟು ಬಂದು ನಿಂತಿದ್ದರು, ಬಾಗಿಲಲ್ಲೇ, ಚಪ್ಪಲಿ ಕೂಡ ಬಿಡದೆ, ಅವಳು ಏನಾದರೂ ಅನ್ನುವ ಮೊದಲೇ ಮನೆ ತುಂಬ ದ್ರಾಕ್ಷಿ. ಆ ಮೊದಲನೇ ವರ್ಷ ರಸದ ಉಕ್ಕು ಇಳಿಯುವ ಮುಂಚೆಯೇ ಬಾಟಲಿಗೆ ತುಂಬಿ ಬಿರಡೆ ಬಿಗಿದರಲ್ಲ, ಊರಿಗೆಲ್ಲ ಅನಿಲದ ಪಾಠ ಹೇಳಿದ ಮಹಾನುಭಾವರು, ಮೆಟ್ಟಿಲಿನ ಕೆಳಗೆ ಢಂ ಢಂ ಎಂದು ಒಂದರ ಹಿಂದೊಂದು ಸಿಡಿದು, ಪಕ್ಕದ ಮನೆಯ ಡಾಕ್ಟರು ಸ್ಟೆತಾಸ್ಕೋಪು ಹಿಡಿದು ಓಡಿ ಬಂದರು, ಯಾರಿಗೆ ಏನಾಯ್ತು ಎಂದು ಕೇಳಿದರೆ ಇವರು ತಲೆಯಿಂದ ಕಾಲಿನವರೆಗೆ ನೇರಳೆಯಾಗಿ ನಿಂತು, ಬಲು ಸಂತೋಷದಿಂದ, ಏನಿಲ್ಲ ಡಾಕ್ಟ್ರೇ, ಲೆಕ್ಕ ಸರಿಯಾಗೇ ಇತ್ತು, ಆತುರ ನಂದು. ಪುಸ್ತಕದಲ್ಲಿ ಒಂದೆರಡು ಬಾಟಲಿ ಒಡೆದವು ಎಂದು ಬರೆದಿದ್ದಾರೆ, ಒಂದೆರಡಂತೆ, ಗುಡಿಸಿದವಳಿಗಲ್ಲವೇ ಗೊತ್ತು — ಆದರೂ ಆಮೇಲಿನ ವರ್ಷದ್ದು ಚೆನ್ನಾಗಿತ್ತು, ಸುಳ್ಳು ಹೇಳಬಾರದು, ಮೊದಲ ಲೋಟ ಅವಳ ಕೈಗೇ ಕೊಟ್ಟು, ಅವಳ ಮುಖವನ್ನೇ ನೋಡುತ್ತ ಪರೀಕ್ಷೆ ಬರೆದ ಹುಡುಗನ ಹಾಗೆ ನಿಂತಿದ್ದರು, ಪಾಸು ಅಂದಳು, ಕುಣಿದರು. ವೈನಿನ ಪೀಪಾಯಿ ಸೋರಿದಾಗ ಕರೆಸಿದ್ದು ಬಡಗಿಯನ್ನು, ಅವನ ಕೈ ನೋಡುತ್ತ ನೋಡುತ್ತ ಉಳಿ ಹಿಡಿದವರು ಇವರು, ಪೀಪಾಯಿಯ ಬಾಗಿದ ಹಲಗೆಗಳಿಂದಲೇ ಒಂದು ಕುರ್ಚಿ, ನೋಡುವುದಕ್ಕೆ ಏನು ಚೆಂದ, ಅವಳ ಅಮ್ಮ ಕೂತ ತಕ್ಷಣ ಸುಯ್ಯೆಂದು ಜಾರಿ ನೆಲಕ್ಕೆ ಬಂದರು, ಅಳಿಯಂದಿರು ನನ್ನನ್ನ ಕೂರಿಸೋಕೆ ಮಾಡಿದ್ರೋ ಇಳಿಸೋಕೋ, ಎಂದು ನೆಲದ ಮೇಲೆ ಕೂತೇ ಕೇಳಿದ್ದರು. ಅಮ್ಮನೂ ತೀರಿಹೋದರು. ಕುರ್ಚಿ ಇದೆ, ಈಗಲೂ ಜಾರುತ್ತದೆ.

ಒಂದು ಗಳಿಗೆ ಸುಮ್ಮನೆ ಕೂರೋಕಾಗಲ್ವಾ ನಿಮಗೆ, ಎಂದು ಬಾಯಿ ನೋಯುವಷ್ಟು ಸಲ ಅಂದಿದ್ದಾಳೆ, ಹಾಲಿನಲ್ಲಿ ಮರದ ಪುಡಿ, ಹಾಸಿಗೆಯಲ್ಲಿ ಮರದ ಪುಡಿ, ಕೊನೆಗೆ ಪುಸ್ತಕವನ್ನೂ ಮರಗೆಲಸದ ಮೇಜಿನ ಮುಂದೆ ನಿಂತೇ ಬರೆದದ್ದು, ಹಾಳೆ ಕೊಡವಿದರೆ ಪುಡಿ ಉದುರುತ್ತಿತ್ತು — ತನ್ನ ಬಾಯಿಗೆ ಬೆಂಕಿ ಬೀಳಲಿ, ಯಾವ ಗಳಿಗೆಯಲ್ಲಿ ಅಂದಳೋ, ಕೊನೆಯ ಪುಟ ಮುಗಿದ ದಿನ ಒಳಗೆ ಬಂದು, ಹೇಳೋದೆಲ್ಲ ಹೇಳಿ ಆಯ್ತು ಕಣೇ, ಎಂದು ಕಿಟಕಿಯ ಪಕ್ಕ ಕೂತವರು ಕೂತೇ ಇದ್ದಾರೆ. ಉಳಿ, ಕೀಸುಳಿ, ಗರಗಸ, ಎಲ್ಲ ಬಡಗಿಗೆ ಕೊಟ್ಟು ಕಳಿಸಿದರು, ಪೀಪಾಯಿ ತೊಳೆದು ಬೋರಲು ಹಾಕಿದರು, ಬಡಿಸಿದ್ದನ್ನು ಉಣ್ಣುತ್ತಾರೆ, ಉಪ್ಪು ಕಮ್ಮಿಯಾದರೂ ಮಾತಿಲ್ಲ, ಮೊನ್ನೆ ಬೇಕೆಂದೇ ಉಪ್ಪು ಹಾಕದೆ ನೋಡಿದಳು, ಅದೂ ಇಳಿಯಿತು. ತಡೆಯಲಾರದೆ ಇವರ ಊಟದ ಕುರ್ಚಿಯ ಕಾಲಿನ ತಿರುಪನ್ನು ತಾನೇ ಸಡಿಲಿಸಿಟ್ಟಳು, ಈ ವಯಸ್ಸಿನಲ್ಲಿ ಕಳ್ಳಿಯ ಹಾಗೆ ನೆಲಕ್ಕೆ ಬಗ್ಗಿ, ಈಗ ಬಯ್ಯುತ್ತಾರೆ, ಈಗ ಎದ್ದು ಸರಿ ಮಾಡುತ್ತಾರೆ — ಇವರು ಆ ಕುರ್ಚಿ ಅಲುಗಾಡಿದ್ದನ್ನು ನೋಡಿ ಪಕ್ಕದ ಕುರ್ಚಿಗೆ ಹೋಗಿ ಕೂತರು, ಅಷ್ಟೆ, ಅವಳು ಅಡುಗೆಮನೆಗೆ ಹೋಗಿ ಅತ್ತಳು. ಅಪ್ಪಂಗೂ ವಯಸ್ಸಾಯ್ತಲ್ಲಮ್ಮ, ಆರಾಮಾಗಿರ್ಲಿ ಬಿಡು, ಎನ್ನುತ್ತಾಳೆ ಮಗಳು, ಈಗ ಪಕ್ಕದಲ್ಲೇ ಕೂತು ಫೋನಿನಲ್ಲಿ ಫೋಟೋ ಹಿಡಿಯುತ್ತಿರುವವಳು, ಅವಳಿಗೆ ಹೇಗೆ ಹೇಳುವುದು, ಬರೆದು ಮುಗಿಸಿದ ಹಾಗೆ ಬದುಕೂ ಮುಗಿಯಿತು ಎಂದುಕೊಂಡು ಕೂತಿದ್ದಾರೆ ನಿಮ್ಮಪ್ಪ, ನನಗೆ ಭಯ ಆಗುತ್ತದೆ, ನನಗೆ ಆ ಪುಡಿಯ ಮನುಷ್ಯನೇ ಬೇಕು.

ಈಗ ವಿಮರ್ಶಕರು ಎದ್ದರು, ದಪ್ಪ ಕನ್ನಡಕ, ದಪ್ಪ ದನಿ, ಸಾರ್ಥಕ ಬಾಳಿನ ಸಂಜೆಯಲ್ಲಿ, ಎಂದರು, ಎಲ್ಲ ಮುಗಿಸಿದವನ ಶಾಂತಿಯಲ್ಲಿ, ಎಂದರು, ಮೇಜು ಗುದ್ದಿದರು, ಮೇಜು ಒಂದು ಕಡೆಗೆ ಕುಕ್ಕರಿಸಿತು, ನೀರಿನ ಲೋಟ ತುಳುಕಿತು, ಇವರ ಕೈ ತೊಡೆಯಿಂದ ಎದ್ದಿತು. ಲೋಟಕ್ಕೇನೋ ಅಂದುಕೊಂಡಳು, ಅಲ್ಲ, ಬಟ್ಟೆಯ ಅಡಿಗೆ, ಉಬ್ಬಿನಲ್ಲೇ ಕಾಣುತ್ತಿತ್ತು, ಹೆಬ್ಬೆರಳು ಮೇಜಿನ ಅಂಚಿನ ಮೇಲೆ ಸಾಗಿತು, ಹಲಗೆ ಕೂಡಿದ ಕಡೆ ನಿಂತಿತು, ಹಿಂದಕ್ಕೆ ಬಂತು, ಮತ್ತೆ ಅಲ್ಲೇ ನಿಂತಿತು. ವಿಮರ್ಶಕರು ಇನ್ನೊಮ್ಮೆ ಗುದ್ದಿದರು, ಇವರು ಬಟ್ಟೆ ಎತ್ತಿ ಬಗ್ಗಿದರು, ತಲೆಯೇ ಕಾಣದಾಯಿತು, ಅಮ್ಮ ಅಪ್ಪಂಗೇನಾಯ್ತು, ಮಗಳ ಕೈ ಅವಳ ತೋಳಿನ ಮೇಲೆ, ಪ್ರಾಂಶುಪಾಲ ಗಾಬರಿಯಿಂದ ಎದ್ದು ಇವರತ್ತ ಓಡಿದ, ಅವಳೂ ಎದ್ದಳು, ಸಭೆಯೆಲ್ಲ ನೋಡುತ್ತಿದೆ, ನೋಡಲಿ, ಮುಟ್ಟಬೇಡಪ್ಪ ಅವರನ್ನ, ಎಂದು ಗಟ್ಟಿಯಾಗಿ ಹೇಳಿದಳು, ಏನೂ ಆಗಿಲ್ಲ, ಕೆಲಸ ಮಾಡ್ತಿದಾರೆ, ಬಿಟ್ಬಿಡು. ಇವರು ಜೇಬಿನಿಂದ ವಂದನೆಯ ಭಾಷಣದ ಹಾಳೆ ತೆಗೆದು, ಮಡಚಿ, ಇನ್ನೂ ಮಡಚಿ, ಮೇಜಿನ ಕಾಲಿನ ಅಡಿಗೆ ಒತ್ತಿದರು, ಅದರಲ್ಲಿ ನನ್ನ ಹೆಂಡತಿಗೆ ಎಂದು ಒಂದು ಸಾಲಿತ್ತು, ಬೆಳಿಗ್ಗೆ ಇಣುಕಿ ನೋಡಿದ್ದಳು, ಹೋಗಲಿ, ಹೋದರೆ ಹೋಗಲಿ, ಎದ್ದು ಕೂತರು, ಕೂದಲು ಕೆದರಿ, ಮುಖ ಕೆಂಪಗೆ, ಸಿಟ್ಟು, ಅಯ್ಯೋ ನಿಜವಾದ ಸಿಟ್ಟು, ಯಾವ ಮೂರ್ಖ ಕೂಡಿಸಿದ್ದು ಈ ಮೂಲೆಯನ್ನು ಎನ್ನುವ ಸಿಟ್ಟು, ಮುಂದಿನ ಸಾಲಿನಲ್ಲಿ ಅವಳನ್ನು ಹುಡುಕಿ ಹಿಡಿದು ಕಣ್ಣಲ್ಲೇ ಕೇಳಿದರು, ಉಳಿಗಳು, ಬಡಗಿ ವಾಪಸು ಕೊಡ್ತಾನಾ — ಕೊಡದೆ ಏನು, ನಾಳೆಯೇ ಹೋಗುತ್ತಾಳೆ, ಕೈ ಹಿಡಿದು ಕೇಳುತ್ತಾಳೆ, ಜಗಳವಾದರೂ ಆಡಿ ತರುತ್ತಾಳೆ, ವಿಮರ್ಶಕರು ಏನೋ ಹೇಳುತ್ತಿದ್ದಾರೆ, ಸಂಜೆ, ಶಾಂತಿ, ಚಪ್ಪಾಳೆ, ಅವಳಿಗೇನೂ ಕೇಳಿಸುತ್ತಿಲ್ಲ, ಬಿಳಿ ಬಟ್ಟೆ ಒಂದು ಮೂಲೆಯಲ್ಲಿ ಸರಿದಿದೆ, ಅಲ್ಲಿ ಆ ಹೆಬ್ಬೆರಳು, ಅಂಚಿನ ಮೇಲೆ ಸಾಗುತ್ತದೆ, ನಿಲ್ಲುತ್ತದೆ, ಹಿಂದಕ್ಕೆ ಬರುತ್ತದೆ, ನಿಲ್ಲುತ್ತದೆ, ಹೆಬ್ಬೆರಳು —