ಎರಡೂವರೆ ಥೌ

ಹಣಮಂತನ ಎರಡೂ ಕೈಗೆ ಹಗ್ಗ ಕಟ್ಟಿ ವರ್ಕ್‌ಶಾಪಿನ ಬಾಗಿಲಲ್ಲಿ ಕೂರಿಸಿದ್ದರು. ಒಳಗೆ ನಾನು ದಿನವೂ ಕೂರುವ ಸ್ಟೂಲಿನ ಮೇಲೆ ಫೌಜದಾರರು ಕೂತಿದ್ದರು. ಅವರೆದುರಿನ ಬೆಂಚಿನ ಮೇಲೆ ಬಿಚ್ಚಿದ ಎಂಜಿನ್ನು. ನಾನು ಅಳತೆ ಮಾಡಿ ಒಂದು ಮಾತು ಹೇಳಬೇಕಿತ್ತು. ಆ ಮಾತಿನ ಮೇಲೆ ಹಣಮಂತ ಮನೆಗೆ ಹೋಗುತ್ತಾನೋ ಜೈಲಿಗೆ ಹೋಗುತ್ತಾನೋ ಎಂಬುದು ತೀರ್ಮಾನವಾಗುವುದಿತ್ತು.

ಆಗಿದ್ದು ಇಷ್ಟು. ನಲವತ್ತೆರಡನೇ ಇಸವಿ. ಜಮಖಂಡಿಯಿಂದ ಬನಹಟ್ಟಿಗೆ ಓಡುವ ಅನಂತಪ್ಪ ಶೇಠರ ಸರ್ವಿಸ್ ಮೋಟಾರಿನ ಎಂಜಿನ್ನನ್ನು ದಸರೆಯ ಹೊತ್ತಿಗೆ ನಾವಿಬ್ಬರೂ ಪೂರ್ತಿ ಬಿಚ್ಚಿ ಹೊಸದಾಗಿ ಕಟ್ಟಿದ್ದೆವು. ಅಳತೆ ನನ್ನದು, ಬೇರಿಂಗ್ ಕೆರೆದು ಕೂರಿಸುವುದು ಹಣಮಂತನದು. ಎರಡು ದಿನ ಖಾಲಿ ಓಡಿಸಿ ನೋಡಿದೆವು. ಮೂರನೇ ದಿನ ಬನಹಟ್ಟಿಯಲ್ಲಿ ನೇಕಾರರ ಮೆರವಣಿಗೆ ಇದೆಯೆಂದು ಪೊಲೀಸರನ್ನು ಹೇರಿಕೊಂಡು ಹೊರಟ ಮೋಟಾರು ಏಳನೇ ಮೈಲಿನಲ್ಲಿ ಎಂಜಿನ್ನು ಗಕ್ಕನೆ ಕಚ್ಚಿ ನಿಂತು ಗಟಾರಕ್ಕಿಳಿಯಿತು. ಒಬ್ಬ ಪೊಲೀಸನ ತೋಳು ಮುರಿಯಿತು. ಚಲೇಜಾವ್ ಚಳವಳಿಯಲ್ಲಿ ಊರೂರಲ್ಲಿ ತಂತಿ ಕತ್ತರಿಸುವ, ಹಳಿ ಕೀಳುವ ಕಾಲ ಅದು. ಸಾಲದ್ದಕ್ಕೆ ಮೋಟಾರು ಹೊರಡುವಾಗ ಹಣಮಂತ ಚಹದಂಗಡಿಯ ಮುಂದೆ ನಿಂತು, "ಈ ಗಾಡಿ ಬನಹಟ್ಟಿ ಮುಟ್ಟೂದಿಲ್ಲ ನೋಡ್ರಿ," ಎಂದಿದ್ದ. ಕೇಳಿದವರು ನಾಲ್ಕು ಮಂದಿ. ಇನ್ನೇನು ಬೇಕು? ಹಣಮಂತ ಎಣ್ಣೆಯೊಳಗೆ ಉಸುಕು ಹಾಕಿದ್ದಾನೆಂದು ಶೇಠರೇ ಅರ್ಜಿ ಬರೆದುಕೊಟ್ಟರು.

ನಾನೂ ಅದನ್ನೇ ನಂಬಿದ್ದೆ. ನಂಬದೆ ಇರಬೇಕಾದರೆ ಪರಮಾನಂದ ಬಡಿಗೇರನ ಅಳತೆ ತಪ್ಪಿತು ಎಂದು ಒಪ್ಪಬೇಕಾಗುತ್ತಿತ್ತು, ಮತ್ತು ಆ ಪರಮಾನಂದ ಬಡಿಗೇರ ನಾನೇ. ಈ ಕಡೆಯ ನಾಲ್ಕೂರಿನಲ್ಲಿ ಕೂದಲೆಳೆಯ ದಪ್ಪವನ್ನೂ ಅಳೆಯುವ ಮೈಕ್ರೋಮೀಟರು ಇದ್ದದ್ದು ನನ್ನೊಬ್ಬನ ಹತ್ತಿರ. ಕೊಲ್ಲಾಪುರದಲ್ಲಿ ಏಳು ವರ್ಷ ವಸ್ತಾದನ ಬೈಗುಳ ತಿಂದು ಸಂಪಾದಿಸಿದ್ದು. ಹಣಮಂತ ಆರು ವರ್ಷದಿಂದ ನನ್ನ ಜೊತೆಗಿದ್ದರೂ ಒಮ್ಮೆಯೂ ಅದನ್ನು ಅವನಿಗೆ ಮುಟ್ಟಗೊಟ್ಟಿರಲಿಲ್ಲ. ಕುರಿ ಕಾಯುವ ಮನೆತನದವನು, ರಟ್ಟೆ ಗಟ್ಟಿ ಇದೆ, ಕೆರೆದುಕೊಂಡಿರಲಿ ಎಂಬುದು ನನ್ನ ಲೆಕ್ಕಾಚಾರ.

"ಬಡಿಗೇರ, ನಮಗ ತಿಳಿಯೂಹಂಗ ಹೇಳು. ಇಲ್ಲಿ ನೀ ನೋಡೂದು ಏನು?" ಎಂದರು ಫೌಜದಾರರು.

"ಈ ಕ್ರ್ಯಾಂಕಿನ ಪಿನ್ನು ಐತೆಲ್ರಿ, ಇದು ಬೇರಿಂಗಿನ ಒಳಗ ತಿರಗತೈತಿ. ನಡುವ ಎಣ್ಣಿ ಹರಿಯಾಕ ಸಂದು ಬೇಕು. ಒಂದು ಇಂಚನ್ನ ಸಾವಿರ ಪಾಲು ಮಾಡಿದ್ರ ಒಂದು ಪಾಲಿಗೆ ಥೌ ಅಂತೀವ್ರಿ. ಅಂಥಾವು ಎರಡೂವರಿ ಇರಬೇಕು. ಹೆಚ್ಚಾದ್ರ ಎಂಜಿನ್ನು ಬಡಕೋತೈತಿ. ಕಡಿಮಿ ಆದ್ರ ಎಣ್ಣಿ ಒಳಗ ಹೋಗೂದಿಲ್ಲ, ಬೇರಿಂಗ್ ಕರಗಿ ಕಚ್ಚಿಕೊಂತೈತಿ."

"ನೀ ಬಿಟ್ಟದ್ದು ಎಷ್ಟು?"

"ಎರಡೂವರಿ ರೀ. ನನ್ನ ಅಳತಿ ಪುಸ್ತಕದಾಗ ಐತಿ."

"ಈಗೂ ಅಷ್ಟ ಇದ್ರ, ತಪ್ಪು ಅಳತೀದಲ್ಲ ಅಂತ ಆತು. ಎಣ್ಣಿಗೆ ಕೈ ಹಾಕಿದಾಂವನ ಕಳ್ಳ. ಹೌದಿಲ್ಲ?"

"ಹೌದ್ರಿ," ಎಂದೆ. ಎಷ್ಟು ಸಲೀಸಾಗಿ ಎಂದೆ ಎಂದು ನೆನೆದರೆ ಇಂದಿಗೂ ನಾಚಿಕೆಯಾಗುತ್ತದೆ. ಹೊರಗೆ ಹಣಮಂತನ ಹೆಂಡತಿ ಸಿದ್ದಕ್ಕ ರೊಟ್ಟಿಗಂಟು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಅದನ್ನು ಗಂಡನಿಗೆ ಕೊಡಲು ಪೊಲೀಸರು ಬಿಟ್ಟಿರಲಿಲ್ಲ.

ನಾಲ್ಕು ಬೇರಿಂಗಿನಲ್ಲಿ ಮೂರು ಕರಗಿ ಹೋಗಿದ್ದವು. ನಾಲ್ಕನೆಯದು ಉಳಿದಿತ್ತು. ನಾನು ಡಬ್ಬಿಯಿಂದ ಮೈಕ್ರೋಮೀಟರು ತೆಗೆದು ಮೊದಲು ನಾಲ್ಕನೇ ಪಿನ್ನಿಗೆ ಹಿಡಿದೆ. ಪುಸ್ತಕದಲ್ಲಿ ಬರೆದದ್ದು ಒಂದು ಇಂಚು ಒಂಬೈನೂರ ತೊಂಬತ್ತು ಥೌ. ಮೈಕ್ರೋಮೀಟರು ತೋರಿಸಿದ್ದು ಒಂಬೈನೂರ ತೊಂಬತ್ತೆರಡು.

ಬಿಚ್ಚಿ ಮತ್ತೆ ಹಿಡಿದೆ. ತೊಂಬತ್ತೆರಡು. ಪಿನ್ನು ಇನ್ನೊಂದು ಮಗ್ಗುಲಿಗೆ ಹೊರಳಿಸಿ ಹಿಡಿದೆ. ತೊಂಬತ್ತೆರಡೇ.

ಕ್ರ್ಯಾಂಕಿನ ಪಿನ್ನು ಓಡಿ ಓಡಿ ಸವೆದು ತೆಳ್ಳಗಾಗಬಹುದು. ಉಂಡು ದಪ್ಪಗಾಗಲು ಅದೇನು ಶೇಠರ ಅಳಿಯನೇ? ಪಿನ್ನು ಬಿಟ್ಟು ಮೈಕ್ರೋಮೀಟರಿನ ಎರಡೂ ಬಾಯಿ ಪೂರ್ತಿ ಕೂಡಿಸಿದೆ. ಸೊನ್ನೆಗೆ ನಿಲ್ಲಬೇಕಾದದ್ದು ಎರಡಕ್ಕೆ ನಿಂತಿತು. ಬಾಯಿ ತೆರೆದು ಬೆಳಕಿಗೆ ಹಿಡಿದೆ. ಒಂದು ಬಾಯಿಗೆ ಉಗುರಿನ ಅಂಚಿನಷ್ಟು ಕೆಂಪು ಒಣಗಿ ಅಂಟಿತ್ತು.

ಕುಂಕುಮ. ಹಚ್ಚಿದವನು ನಾನೇ. ಅಷ್ಟಮಿಯ ದಿನ ಪಿನ್ನುಗಳನ್ನೆಲ್ಲ ಅಳೆದು ಬರೆದುಕೊಂಡಿದ್ದೆ. ಮರುದಿನ ಖಂಡೇನವಮಿ. ಮೈಕ್ರೋಮೀಟರು, ಪಾನಾ, ಅರ ಎಲ್ಲವನ್ನೂ ಮಣೆಯ ಮೇಲಿಟ್ಟು ನೀರಲ್ಲಿ ಕಲಸಿದ ಕುಂಕುಮ ಹಚ್ಚಿ ಪೂಜೆ ಮಾಡಿದ್ದೆ. ಬನ್ನಿ ಮುಗಿದ ಮೇಲೆ ಮೈಕ್ರೋಮೀಟರು ಎತ್ತಿಕೊಂಡು ಬೇರಿಂಗುಗಳ ಅಳತೆ ನೋಡಿದೆ. ದೇವರಿಗೆ ಇಟ್ಟದ್ದನ್ನು ಒರೆಸಬಾರದು, ತಾನಾಗಿ ಹೋಗಬೇಕು ಎಂಬುದು ನಮ್ಮ ಮನೆಯ ಪದ್ಧತಿ. ಅದು ಜಾರಿ ಬಾಯಿಯೊಳಗೆ ಇಳಿದದ್ದನ್ನು ನಾನು ನೋಡಿರಲಿಲ್ಲ. ಹಾಗಾಗಿ ಪಿನ್ನಿನ ಅಳತೆ ಸರಿ, ಬೇರಿಂಗಿನದು ಎರಡು ಥೌ ಹೆಚ್ಚು ತೋರಿಸಿದ ಸುಳ್ಳು. ಎರಡೂವರೆ ಎಂದು ನಾನು ಬರೆದ ಸಂದು ನಿಜದಲ್ಲಿ ಅರ್ಧ ಥೌ. ಅಷ್ಟರಲ್ಲಿ ಎಣ್ಣೆ ಎಲ್ಲಿ ಹರಿದೀತು?

"ಯಾಕ? ಎಷ್ಟು ಬಂತು?" ಫೌಜದಾರರು ಕೇಳಿದರು.

"ಇನ್ನೊಮ್ಮೆ ನೋಡ್ತೇನ್ರಿ."

ಅತ್ತ ದರಿ, ಇತ್ತ ಪುಲಿ. ಪುಸ್ತಕದಲ್ಲಿದ್ದಷ್ಟೇ ಇದೆ ಎಂದುಬಿಟ್ಟರೆ ಮುಗಿಯಿತು, ಯಾರಿಗೂ ಓದಲು ಬಾರದು. ಹಣಮಂತನನ್ನು ಎಳೆದುಕೊಂಡು ಹೋಗುತ್ತಾರೆ, ಪೊಲೀಸರ ತೋಳು ಮುರಿಸಿದವನಿಗೆ ಆ ವರ್ಷ ಎಷ್ಟು ಶಿಕ್ಷೆ ಎಂದು ಎಲ್ಲರಿಗೂ ಗೊತ್ತಿತ್ತು. ನಿಜ ಹೇಳಿದರೆ ಆ ಹಗ್ಗ ನನ್ನ ಕೈಗೆ. ನನಗೆ ಭಯವಾಯಿತು. ಸತ್ಯವಂತನೆಂದು ಹೇಳಿಕೊಳ್ಳುತ್ತಿಲ್ಲ, ನನ್ನ ಹೆಬ್ಬೆರಳು ಒರೆಸಲೆಂದು ಆಗಲೇ ಆ ಕೆಂಪಿನ ಮೇಲೆ ಹೋಗಿ ಕೂತಿತ್ತು.

ಎಂಜಿನ್ನು ಕಟ್ಟಿದ ದಿನ ಹಣಮಂತ ಎರಡು ಸಲ ಬಂದು, "ಮೇಸ್ತ್ರಿ, ತಿರುವಿದ್ರ ಕೈಗೆ ಬಿಗಿ ಹತ್ತತೈತ್ರಿ," ಎಂದಿದ್ದ. ನಾನು, "ಹೊಸ ಸೊಸಿ ಇದ್ದಂಗ ಹೊಸ ಬೇರಿಂಗು, ನಾಲ್ಕು ದಿನ ಬಿಗಿ ಇರತೈತಿ. ನಿನ್ನ ಕೈ ಏನು ಮೈಕ್ರೋಮೀಟರ್ ಏನಲೇ?" ಎಂದು ನಕ್ಕಿದ್ದೆ. ಈಗ ಬಾಗಿಲ ಕಡೆ ನೋಡಿದೆ. ಅವನು ನನ್ನ ಮುಖ ನೋಡುತ್ತಿರಲಿಲ್ಲ, ನನ್ನ ಕೈ ನೋಡುತ್ತಿದ್ದ.

"ಬಡಿಗೇರ!" ಫೌಜದಾರರ ದನಿ ಏರಿತು.

"ತಪ್ಪು ನಂದ್ರಿ ಸಾಹೇಬ್ರ," ಎಂದೆ. ಒಮ್ಮೆ ಬಾಯಿ ಬಿಟ್ಟ ಮೇಲೆ ಉಳಿದದ್ದು ತಾನೇ ಬಂತು. ಅಷ್ಟಮಿ, ನವಮಿ, ಕುಂಕುಮ, ಅರ್ಧ ಥೌ, ಎಲ್ಲ ಹೇಳಿದೆ.

ಮೂಲೆಯಲ್ಲಿ ನಿಂತಿದ್ದ ಅನಂತಪ್ಪ ಶೇಠರು ಕೂಗಿಯೇ ಬಿಟ್ಟರು. "ಕುಂಕುಮದಿಂದ ಮೋಟಾರ್ ಕೆಡತೈತೇನ್ರಿ? ಮುಂದ ಊದಿನಕಡ್ಡಿಯಿಂದ ಟಾಯರ್ ಒಡೀತು ಅಂತಾನ! ಇಬ್ರೂ ಒಳಗೊಳಗ ಕೂಡ್ಯಾರ ಸಾಹೇಬ್ರ, ಶಿಷ್ಯನ್ನ ಉಳಸಾಕತ್ತಾನ!"

ಫೌಜದಾರರು ನನ್ನನ್ನೇ ದಿಟ್ಟಿಸಿದರು. "ನಿನ್ನ ಯಂತ್ರ, ನಿನ್ನ ಮಾತು. ನಾ ಹೆಂಗ ನಂಬಲಿ? ಇದನ್ನ ಓದಾಕ ಮತ್ಯಾರಿಗೆ ಬರತೈತಿ?"

ಯಾರಿಗೂ ಬರುತ್ತಿರಲಿಲ್ಲ. ನಾನು ಯಾರಿಗೂ ಕಲಿಸಿರಲಿಲ್ಲ.

"ನನಗ ಬರತೈತ್ರಿ," ಎಂದ ಹಣಮಂತ ಬಾಗಿಲಿನಿಂದ.

ಆರು ವರ್ಷ ನನ್ನ ಹೆಗಲ ಹಿಂದೆ ನಿಂತು ನೋಡಿ ಕಲಿತಿದ್ದ. ಹಗ್ಗ ಬಿಚ್ಚಿಸಿದರು. ಅವನು ಒಳಗೆ ಬಂದು ಮೈಕ್ರೋಮೀಟರಿನ ಬಾಯಿ ಕೂಡಿಸಿ, ಗೆರೆ ಎಲ್ಲಿ ನಿಂತಿದೆ ಎಂದು ಫೌಜದಾರರಿಗೆ ಬೆರಳಿಟ್ಟು ತೋರಿಸಿದ. ಆಮೇಲೆ ಅಂಗಿಯ ಚುಂಗನ್ನು ಸೀಮೆಎಣ್ಣೆಗೆ ಅದ್ದಿ ಕೆಂಪನ್ನು ಒರೆಸಿ ಮತ್ತೆ ಕೂಡಿಸಿದ. ಸೊನ್ನೆ. ಫೌಜದಾರರು ಬಗ್ಗಿ ಎರಡು ಸಲ ನೋಡಿದರು. ಶೇಠರೂ ಕತ್ತು ಚಾಚಿದರು.

ಪಿನ್ನಿಗೆ ಹಿಡಿದ. "ಒಂಬೈನೂರ ತೊಂಬತ್ತು." ಎರಡು ಕಾಲಿನ ಕ್ಯಾಲಿಪರನ್ನು ಉಳಿದಿದ್ದ ನಾಲ್ಕನೇ ಬೇರಿಂಗಿನೊಳಗೆ ಅಗಲಿಸಿ, ಆ ಅಗಲವನ್ನು ಮೈಕ್ರೋಮೀಟರಿಗೆ ಹಿಡಿದ. ಹಗ್ಗದಿಂದ ಬಾತ ಕೈಯನ್ನು ಅಂಗಿಗೆ ಒರೆಸಿಕೊಂಡು ಮತ್ತೊಮ್ಮೆ ಹಿಡಿದ. "ಒಂಬೈನೂರ ತೊಂಬತ್ತೂವರಿ. ಸಂದು ಅರ್ಧ ಥೌ ರೀ."

"ಗಾಡಿ ಮುಟ್ಟೂದಿಲ್ಲ ಅಂತ ನಿನಗ ಹೆಂಗ ಗೊತ್ತಾತು?"

"ಕೈಗೆ ಬಿಗಿ ಹತ್ತಿತ್ರಿ."

"ಮೇಸ್ತ್ರಿಗೆ ಹೇಳಿದ್ಯಾ?"

ಅದಕ್ಕೆ ಉತ್ತರ ನಾನೇ ಕೊಟ್ಟೆ, "ಹೇಳಿದ್ದ ರೀ. ಎರಡು ಸಲ."

ಬಿಚ್ಚಿದ ಹಗ್ಗ ಪೊಲೀಸಿನವನ ಕೈಯಲ್ಲೇ ಇತ್ತು. ಫೌಜದಾರರು ಹಣಮಂತನ ಕಡೆ ತಿರುಗಿದರು. "ಅಂದ್ರ ಇಂವ ಗೊತ್ತಿದ್ದೂ ಮಾಡ್ಯಾನ? ನೀ ಹೂಂ ಅಂದ್ರ ಈಗಿಂದೀಗ ಇವನ್ನ ಒಯ್ತೇನಿ."

ಹಣಮಂತ ಮಣಿಕಟ್ಟು ತಿಕ್ಕಿಕೊಂಡ. ಹೂಂ ಎಂದಿದ್ದರೆ ನಾನು ಅವನನ್ನು ಬೈಯುತ್ತಿರಲಿಲ್ಲ.

"ಕುಂಕುಮ ಬಾಯಿಗೆ ಅಂಟಿದ್ದು ಅವರಿಗೆ ಗೊತ್ತಿರಲಿಲ್ರಿ. ಅದು ಖರೆ," ಎಂದ. ಫೌಜದಾರರು ಬರೆದುಕೊಂಡರು. ಹಗ್ಗ ಹಿಡಿದವನು ಅದನ್ನು ಸುತ್ತಿ ಕಂಕುಳಿಗೆ ಸಿಕ್ಕಿಸಿಕೊಂಡ.

"ಆದ್ರ ನನ್ನ ಮಾತು ಕೇಳಲಿಲ್ಲ," ಎಂದು ಹಣಮಂತ ಮುಂದುವರಿಸಿದ. ಈಗ ನನ್ನ ಮುಖ ನೋಡಿ ಹೇಳಿದ. "ಅದನ್ನ ಗೊತ್ತಿದ್ದ ಮಾಡ್ಯಾರ್ರಿ."

ಮೈಕ್ರೋಮೀಟರನ್ನು ಬೆಂಚಿನ ಮೇಲಿಟ್ಟು, ಅವನು ಸಿದ್ದಕ್ಕನ ಕಡೆ ನಡೆದ.

ಫೌಜದಾರರ ಲೇಖನಿ ಕಾಗದದ ಮೇಲೆ ನಿಂತಿತ್ತು. "ಇದನ್ನೂ ಬರೀಲ್ಯಾ?" ಎಂದು ನನ್ನನ್ನು ಕೇಳಿದರು.

"ಬರೀರಿ," ಎಂದೆ. ಅವರು ಬರೆದರು, ನಾನು ಅದರ ಕೆಳಗೆ ಸಹಿ ಮಾಡಿದೆ.