ಗುಬ್ಬಿಯಲ್ಲಿ ಆದ ರಾಜಿ

ಕಂಪ್ಯೂಟರಿನ ವಿಷಯ ಅರ್ಧಂಬರ್ಧ ತಿಳಿದವರು ಇಂಥ ಕಥೆ ಹೇಳಹೊರಡುವುದು ಉದ್ಧಟತನವೇ ಸರಿ. ಇದರಲ್ಲಿ ಯಾರೂ ಸಾಯುವುದಿಲ್ಲ, ಯಾರಿಗೂ ಅನ್ಯಾಯವಾಯಿತೆಂದು ಖಚಿತವಾಗಿ ಹೇಳಲೂ ಬರುವುದಿಲ್ಲ. ಹೇಳುವಷ್ಟು ದೊಡ್ಡ ಸಂಗತಿಯೇ ಎಂಬ ಅನುಮಾನ ಇನ್ನೂ ಹೋಗಿಲ್ಲ. ತಪ್ಪಿದ್ದರೆ ತಿಳಿದವರು ಮನ್ನಿಸಬೇಕು.

"ಇಲ್ಲಿದ್ದ ಅಕ್ಷರ ಎಲ್ಲೋಯ್ತವ್ವಾ?" ದಾಸಯ್ಯ ಪ್ರೂಫ್ ಹಾಳೆಯನ್ನು ಬಾಗಿಲ ಬೆಳಕಿಗೆ ಹಿಡಿದು ಕೇಳಿದ. ಅವನ ಮಗಳ ಲಗ್ನಪತ್ರಿಕೆ. ಉಮಾಮಹೇಶ್ವರಿ ಎಂಬ ಹೆಸರಿನಲ್ಲಿ 'ಶ್ವ' ಇರಬೇಕಾದ ಕಡೆ ಒಂದು ಖಾಲಿ ಚೌಕ ಕೂತಿತ್ತು.

"ಸ್ಕ್ರೀನ್ ಮೇಲೆ ಸರಿಯಾಗೇ ಐತೆ ನೋಡಿ. ಪ್ರಿಂಟ್ ತೆಗುದ್ರೆ ಮಾತ್ರ ಹಿಂಗಾಗ್ತದೆ," ಎಂದಳು ಮಂಗಳಗೌರಿ.

"ಸ್ಕ್ರೀನ್ನ ಹೊತ್ಕೊಂಡು ಮನೆಮನೆಗೂ ತೋರ್ಸಕ್ಕಾಯ್ತದಾ?"

ಗುಬ್ಬಿ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಅವಳ ಡಿಟಿಪಿ ಅಂಗಡಿ. ಹಳೇ ಕಂಪ್ಯೂಟರ್ ಸುಟ್ಟುಹೋಗಿ ಹೊಸದು ಬಂದಿತ್ತು. ಹೊಸ ವಿಂಡೋಸಿಗೂ ಅವಳ ಕನ್ನಡ ತಂತ್ರಾಂಶಕ್ಕೂ ಹೊಂದಾಣಿಕೆಯಾಗದೆ ಕೆಲವು ಒತ್ತಕ್ಷರಗಳು ಕಾಗದದ ಮೇಲೆ ಚೌಕಗಳಾಗುತ್ತಿದ್ದವು. ಹಳೇ ಪತ್ರಿಕೆಯೊಂದರಿಂದ 'ಶ್ವ' ಕತ್ತರಿಸಿ, ಅಂಟಿಸಿ, ಅದರ ಜೆರಾಕ್ಸ್ ತೆಗೆದು ದಾಸಯ್ಯನನ್ನು ಹೇಗೋ ಸಾಗಹಾಕಿದಳು. ಮುಂದೇನು? ವೈಶಾಖ ಹತ್ತಿರವಿತ್ತು. ಒಬ್ಬ ಈಶ್ವರನೋ ವಿಶ್ವನಾಥನೋ ರಾಜೇಶ್ವರಿಯೋ ಇಲ್ಲದ ಲಗ್ನಪತ್ರಿಕೆ ಆ ತಾಲ್ಲೂಕಿನಲ್ಲಿ ಎಲ್ಲಿಂದ ಬರಬೇಕು? ಹೀಗೇ ಆದರೆ ಗಿರಾಕಿಗಳು ತುಮಕೂರಿನ ಬಸ್ಸು ಹತ್ತುತ್ತಿದ್ದರು.

ಒಂದು ವರ್ಷದ ಹಿಂದಾಗಿದ್ದರೆ ಅವಳು ಹೆದರುತ್ತಿರಲಿಲ್ಲ. ಆ ತಂತ್ರಾಂಶ ಮಾಡಿದ ಬೆಂಗಳೂರಿನ ಕಂಪನಿ ಬಳಕೆದಾರರಿಗಾಗಿ ಒಂದು ನ್ಯೂಸ್‌ಗ್ರೂಪ್ ನಡೆಸುತ್ತಿತ್ತು. ಹೆಸರಿಗೆ ನ್ಯೂಸ್, ಸುದ್ದಿಯೇನೂ ಇರುತ್ತಿರಲಿಲ್ಲ. ಒಬ್ಬರು ಪ್ರಶ್ನೆ ಬರೆದರೆ ಎಲ್ಲರೂ ಓದಬಹುದು, ಗೊತ್ತಿದ್ದವರು ಉತ್ತರ ಬರೆಯಬಹುದು, ಅಷ್ಟೆ. ಕನ್ನಡ ಅಕ್ಷರದ ತಾಪತ್ರಯಗಳನ್ನೆಲ್ಲ ಅಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಬರೆಯಬೇಕಾಗಿತ್ತು. ಮಂಗಳಗೌರಿ ಬೆಳಿಗ್ಗೆ ಕೇಳಿದರೆ ಸಂಜೆಗೆ ಎರಡು ಉತ್ತರ ಖಂಡಿತ. ಒಂದು ತುಮಕೂರು ಉಪ್ಪಾರಹಳ್ಳಿಯ ದಯಾನಂದ ಎಂಬುವನದು, ಇನ್ನೊಂದು 'ಎಲ್‌ಎನ್, ಕುಣಿಗಲ್' ಎಂದು ಸಹಿ ಮಾಡುವವರದು.

ಎರಡೂ ಒಂದೇ ಆಗಿದ್ದ ದಿನವಿಲ್ಲ. 'ಈ ಸಲಹೆಯನ್ನು ಟೈಪ್‌ರೈಟರ್ ಜೊತೆ ಗುಜರಿಗೆ ಹಾಕಿ' ಎಂದು ದಯಾನಂದ ಬರೆದರೆ, 'ಮ್ಯಾನ್ಯುಯಲ್ ಓದಲು ಬಾರದ ಮಕ್ಕಳು ಮೈದಾನದಲ್ಲಿ ಆಡಿಕೊಳ್ಳಬಹುದು' ಎಂದು ಎಲ್‌ಎನ್ ಬರೆಯುತ್ತಿದ್ದರು. ಒಬ್ಬರ ತಪ್ಪನ್ನು ಇನ್ನೊಬ್ಬರು ಜಾಲಾಡುತ್ತ ನಾಲ್ಕೈದು ಸುತ್ತು ಬೈದಾಡಿಕೊಳ್ಳುವ ಹೊತ್ತಿಗೆ ಸರಿಯಾದ ದಾರಿ ಎಲ್ಲೋ ನಡುವೆ ಹೊರಬಿದ್ದಿರುತ್ತಿತ್ತು. ಮಂಗಳಗೌರಿ ಅದನ್ನು ಎತ್ತಿಕೊಂಡು, ಇಬ್ಬರಿಗೂ ಥ್ಯಾಂಕ್ಸ್ ಹೇಳಿ, ಕೆಲಸ ಮುಗಿಸಿಬಿಡುತ್ತಿದ್ದಳು. ಅವಳು ಕಸುಬು ಕಲಿತದ್ದೇ ಹಾಗೆ.

ಆ ವರ್ಷದ ಮಾರ್ಚಿನಲ್ಲಿ ಕಂಪನಿ ನಾಲ್ಕು ಸಾಲು ಬರೆಯಿತು: ಈ ತಂತ್ರಾಂಶಕ್ಕೆ ಇನ್ನು ಬೆಂಬಲವಿಲ್ಲ, ತಿಂಗಳ ಕೊನೆಗೆ ಗುಂಪೂ ನಿಲ್ಲುತ್ತದೆ, ಇಲ್ಲಿಯವರೆಗಿನ ಸಹಕಾರಕ್ಕೆ ವಂದನೆಗಳು.

ಮುಂದೇನು ಎಂಬ ಪ್ರಶ್ನೆಗೆ ಅಲ್ಲಿ ನಡೆದ ಜಗಳ ಹಿಂದೆಂದೂ ನಡೆದಿರಲಿಲ್ಲ. ದಯಾನಂದ ಪುಕ್ಕಟೆ ಜಾಗ ಕೊಡುವ ವೆಬ್‌ಸೈಟೊಂದರಲ್ಲಿ ಗುಂಪು ತೆರೆದು ಹಳೆಯ ಪ್ರಶ್ನೋತ್ತರಗಳನ್ನೆಲ್ಲ ಅಲ್ಲಿಗೆ ಸಾಗಿಸಿದ. ಎಲ್‌ಎನ್ ಮತ್ತೊಂದು ಕಡೆ ಗುಂಪು ತೆರೆದು ಹಳೆಯ ಸದಸ್ಯರನ್ನೆಲ್ಲ ಕರೆದುಕೊಂಡರು. ಅವನ ಗುಂಪು ಅಧಿಕೃತವಲ್ಲ ಎಂದು ಇವರು, ಇವರದ್ದು ಗುಂಪೇ ಅಲ್ಲ ಎಂದು ಅವನು. ಉಳಿದವರು 'ಯಾವುದಕ್ಕೆ ಸೇರಲಿ' ಎಂದು ಎರಡರಲ್ಲೂ ಕೇಳಿ ಸುಮ್ಮನಾದರು. ಮಂಗಳಗೌರಿ ಎರಡಕ್ಕೂ ಸೇರಿ ಎರಡರಲ್ಲೂ ಚೌಕದ ಕಥೆ ಹೇಳಿಕೊಂಡಳು. ದಯಾನಂದ ಒಂದು ಉಪಾಯ ಹೇಳಿದ, ಆಗಲಿಲ್ಲ. ಎಲ್‌ಎನ್ ಇನ್ನೊಂದು ಹೇಳಿದರು, ಅದೂ ಆಗಲಿಲ್ಲ. ಯಾಕೆ ಆಗಲಿಲ್ಲ ಎಂದು ಕೆದಕಿ ಹೇಳುವವರು ಎರಡು ಕಡೆಯೂ ಇರಲಿಲ್ಲ.

ರೋಸಿಹೋಗಿ, ನಂಬರ್ ಕೇಳಿ ತರಿಸಿಕೊಂಡು ಇಬ್ಬರಿಗೂ ಫೋನ್ ಮಾಡಿದಳು. "ಭಾನುವಾರ ನಮ್ಮಂಗ್ಡಿಗೆ ಬನ್ನಿ ಸರ್. ಎದುರಾಎದುರು ಕೂತು ಒಂದು ತೀರ್ಮಾನ ಮಾಡ್ಕೊಳಿ. ಎರಡರಲ್ಲಿ ಒಂದಾದ್ರೂ ನೆಟ್ಟಗೆ ಉಳೀಲಿ."

ಭಾನುವಾರ ಮೊದಲು ಬಂದದ್ದು ದಯಾನಂದ. ಇಪ್ಪತ್ತೈದರ ಹುಡುಗ, ಮೋಟರ್‌ಬೈಕಿನಲ್ಲಿ. ಆಮೇಲೆ ಕೊಡೆ ಹಿಡಿದು ಬಂದವರು ಅರವತ್ತು ದಾಟಿದ ಲಕ್ಷ್ಮೀನರಸಿಂಹಯ್ಯ. ಕುಣಿಗಲ್ಲಿನಲ್ಲಿ ಟೈಪಿಂಗ್ ಶಾಲೆ ನಡೆಸಿ, ಈಗ ತಾಲ್ಲೂಕು ಕಚೇರಿ ಎದುರು ಡಿಟಿಪಿ ಇಟ್ಟವರು. ಕೂದಲೆಲ್ಲ ಬಿಳಿ. ದಯಾನಂದನಿಗೆ ತಾನು ಬರೆದ ಗುಜರಿಯ ಮಾತು ನೆನಪಾಯಿತೋ ಏನೋ, ಎದ್ದು ನಿಂತುಬಿಟ್ಟ.

"ಕೂತ್ಕೊಳಪ್ಪ, ಕೂತ್ಕೊ. ಸ್ವಂತ ಊರು ತುಮಕೂರೇಯಾ?"

"ಇಲ್ಲ ಸಾರ್, ಊರ್ಡಿಗೆರೆ."

"ಊರ್ಡಿಗೆರೇಲಿ ಯಾರ ಪೈಕಿ?"

"ಚೌಡಪ್ಪನೋರ ಮಗ ಸಾರ್."

"ಯಾವ ಚೌಡಪ್ಪ? ರಂಗಲಕ್ಷ್ಮಮ್ಮನ ಯಜಮಾನ್ರಾ?" ಮುದುಕರ ಮುಖ ಅರಳಿತು. "ಅಯ್ಯೋ ನಿನ್ನ! ನಿಮ್ಮಮ್ಮ ನಮ್ಮ ಷಡ್ಡಕನ ತಂಗಿ ಕಣೋ! ನಿಂಗೆ ನಾನು ಮಾವ ಆಗ್ಬೇಕು!"

ದಯಾನಂದ ಬಗ್ಗಿ ಕಾಲು ಮುಟ್ಟಿದ. ಮಂಗಳಗೌರಿಗೆ ಸಂತೋಷವಾಯಿತು. ಇನ್ನೇನು, ಕೆಲಸ ಆಯಿತು ಅಂದುಕೊಂಡಳು. ಕಾಫಿ, ವಡೆ ತರಿಸಿದಳು. ಯಾರ ಮನೆಯ ಹುಡುಗಿಯನ್ನು ಎಲ್ಲಿಗೆ ಕೊಟ್ಟರು, ಯಾರಿಗೆ ಸಕ್ಕರೆ ಕಾಯಿಲೆ, ಎಲ್ಲ ಮುಗಿಯುವವರೆಗೆ ಕಾದಳು.

"ಸರ್, ಆ ಚೌಕ ಒಂಚೂರು ನೋಡ್ತೀರಾ?"

"ಮಾವ ನೋಡ್ಲಿ, ಅನುಭವಸ್ಥರು," ಎಂದ ದಯಾನಂದ.

"ಛೆ ಛೆ, ಹೊಸ ವಿಂಡೋಸೆಲ್ಲ ಹುಡುಗ್ರಿಗೇ ಗೊತ್ತಾಗೋದು. ನೀನು ಕೂರಪ್ಪ."

"ನೀವಿರ್ಬೇಕಾದ್ರೆ ನಾನೆಂಗೆ ಮಾವ ಕೂರ್ಲಿ?"

ಕಂಪ್ಯೂಟರಿನ ಮುಂದಿನ ಕುರ್ಚಿ ಖಾಲಿಯೇ ಉಳಿಯಿತು. ಅಷ್ಟರಲ್ಲಿ ಕರೆಂಟ್ ಹೋಯಿತು. ಇಬ್ಬರಿಗೂ ನಿರಾಳವಾದಂತೆ ಕಂಡಿತು.

"ಹೋಗ್ಲಿ, ಯಾರ ಗುಂಪು ಇಟ್ಕೊಳೋದು ಅಂತಾನಾದ್ರೂ ಹೇಳಿ," ಎಂದಳು ಮಂಗಳಗೌರಿ. ಅವಳ ದನಿ ಏರಿತ್ತು.

"ಮಾವನೋರ್ದೇ ಇರ್ಲಿ ಮೇಡಂ."

"ಏ ಬುಡು ಬುಡು! ಹುಡುಗ ಕಷ್ಟಪಟ್ಟು ಹಳೇದೆಲ್ಲ ತುಂಬವ್ನೆ. ಅವನ್ದೇ ಇರ್ಲಿ."

"ಒಬ್ರು ಹ್ಞೂಂ ಅನ್ನಿ ಸರ್!"

"ಅದೇನ್ ದೊಡ್ಡ ವಿಷ್ಯ ತಾಯಿ, ನಾವ್ನಾವೇ ಮಾತಾಡ್ಕೊತೀವಿ," ಎಂದು ಲಕ್ಷ್ಮೀನರಸಿಂಹಯ್ಯ ಕೊಡೆ ಎತ್ತಿಕೊಂಡರು. ದಯಾನಂದ ಅವರನ್ನು ಬೈಕಿನ ಹಿಂದೆ ಕೂರಿಸಿಕೊಂಡು ಬಸ್ಸಿಗೆ ಬಿಡಲು ಹೋದ.

ಮಾರನೆಯ ದಿನ ದಯಾನಂದನ ಗುಂಪು ತೆರೆದರೆ ಅಂಥ ಗುಂಪೇ ಇಲ್ಲವೆಂದಿತು. ಎಲ್‌ಎನ್ ಗುಂಪಿಗೆ ಹೋದಳು. ಅಲ್ಲೂ ಅದೇ ಸಾಲು.

"ಅಳಿಸ್ಬಿಟ್ಟೆ ಮೇಡಂ," ಎಂದ ದಯಾನಂದ ಫೋನಿನಲ್ಲಿ. "ದೊಡ್ಡೋರ ಎದುರಿಗೆ ನಂದೊಂದು ಪೈಪೋಟಿ ಬೇಕಿತ್ತಾ? ಅಮ್ಮಂಗೆ ಗೊತ್ತಾಗಿ ಉಗಿದ್ರು."

"ಹಳೇ ಉತ್ತರಗಳು?"

"ಮಾವನ ಹತ್ರ ಇರುತ್ತೆ ಅನ್ಕೊಂಡೆ."

ಮಾವನ ಹತ್ತಿರ ಇರಲಿಲ್ಲ. "ಹುಡುಗನ ಹುರುಪಿಗೆ ನಾನ್ಯಾಕಮ್ಮ ಅಡ್ಡ ಬರ್ಲಿ ಅಂತ ರಾತ್ರಿನೇ ತೆಗೆದಾಕ್ದೆ," ಎಂದರು ಲಕ್ಷ್ಮೀನರಸಿಂಹಯ್ಯ. ಅವರ ದನಿಯಲ್ಲಿ ತೃಪ್ತಿಯಿತ್ತು. "ಈಗೆಲ್ಲ ಸರಿಹೋಯ್ತಲ್ಲ?"

ಮಂಗಳಗೌರಿ ಫೋನನ್ನು ಕುಕ್ಕಿದಳು. ನಾಲ್ಕು ವರ್ಷ ನಾಯಿ ಬೆಕ್ಕಿನಂತೆ ಕಚ್ಚಾಡಿ ಉಳಿಸಿಕೊಂಡು ಬಂದದ್ದನ್ನು ಒಂದು ತಟ್ಟೆ ವಡೆ ತಿಂದು ಮುಗಿಸಿದ್ದರು. ಕರೆದು ಕೂರಿಸಿ ತಿನ್ನಿಸಿದವಳು ತಾನೇ.

ಆ ದಿನವೆಲ್ಲ ಕೂತು ಅವಳೇ ಒಂದು ಗುಂಪು ತೆರೆದಳು. ನೆನಪಿದ್ದ ವಿಳಾಸಗಳಿಗೆಲ್ಲ ಬರೆದಳು. ಮೊದಲ ಪ್ರಶ್ನೆಯಾಗಿ ಚೌಕದ ವಿಷಯ ಹಾಕಿ, ಇಬ್ಬರನ್ನೂ ಮತ್ತೆ ಜಗಳಕ್ಕೆ ಎಳೆಯಲೆಂದು ಎಂದೂ ಬರೆಯದ ಮಾತು ಸೇರಿಸಿದಳು: 'ಇದಕ್ಕೆ ದಯಾನಂದ ಹೇಳಿದ್ದೊಂದೇ ದಾರಿ. ಎಲ್‌ಎನ್ ಹೇಳಿದ್ದು ಟೈಪ್‌ರೈಟರ್ ಕಾಲದ್ದು.' ಅಳಿಸಿದಳು. ಮತ್ತೆ ಬರೆದಳು. ಹಿರಿಯರಿಗೆ ಹೀಗೆ ಅನ್ನಬಹುದೇ ಎಂದು ಅಳುಕಿದರೂ ಕಳಿಸಿಯೇ ಬಿಟ್ಟಳು.

ಮೊದಲು ದಯಾನಂದನ ಉತ್ತರ ಬಂತು. 'ಮೇಡಂ, ಹಿರಿಯರ ಬಗ್ಗೆ ಹೀಗೆ ಬರೆಯಬಾರದು. ಮಾವ ಹೇಳಿದ್ದೇ ಸರಿಯಿರುತ್ತದೆ.' ಅವಳು ಹಣೆ ಚಚ್ಚಿಕೊಂಡಳು.

ಸಂಜೆ ಕುಣಿಗಲ್ಲಿನದೂ ಬಂತು. 'ದಯಾನಂದ ಹೇಳಿದ್ದು ಸರಿಯಾಗಿಯೇ ಇದೆ. ಆದರೆ' ಎಂದಿತ್ತು. ಅದರ ಮುಂದೆ ಏನೂ ಇರಲಿಲ್ಲ. ಸಹಿಯೂ ಇರಲಿಲ್ಲ. ಮಂಗಳಗೌರಿ ಎದ್ದು ಬೀದಿಯ ಕಡೆಯ ಬಾಗಿಲು ಮುಚ್ಚಿ ಬಂದು, ಆ 'ಆದರೆ'ಯ ಮುಂದಿನ ಜಗಳಕ್ಕೆ ಕಾಯುತ್ತ ಪರದೆಯ ಮುಂದೆ ಕೂತಳು.

ಅವರು ಕೈತಪ್ಪಿ ಕಳಿಸಿದರೋ, ಸಂಬಂಧ ನೆನಪಾಗಿ ಅಷ್ಟಕ್ಕೇ ನಿಲ್ಲಿಸಿದರೋ, ಇಲ್ಲ ಉಳಿದದ್ದನ್ನು ಇನ್ನೂ ಬರೆಯುತ್ತಿದ್ದರೋ, ನನಗೆ ಗೊತ್ತಿಲ್ಲ.