ಲೆಕ್ಕಕ್ಕಿಲ್ಲದ ಬೆರಳು

"ನಡುಗೋ ಬೆರಳನ್ನ ಬೆರಳು ಅಂತ ಲೆಕ್ಕಕ್ಕೇ ತಗೋಬೇಡಿ, ಮುಗೀತು," ಎಂದುಬಿಟ್ಟ ಅವನು. ಮೇಲಧಿಕಾರಿ ಮೇಜು ಕುಟ್ಟಿ ನಕ್ಕ.

ಮಾತು ನಿಂತುಹೋದ ರೋಗಿಗಳಿಗೆಂದು ಅವರ ಕಂಪನಿ ಮಾಡುತ್ತಿದ್ದ ಆ್ಯಪ್ ಅದು. ಪರದೆಯ ಮೇಲೆ 'ನೀರು', 'ನೋವು' ಎಂಬಂಥ ಚೌಕಗಳು. ಮುಟ್ಟಿದರೆ ಒಂದು ಹೆಣ್ಣುದನಿ ರೋಗಿಯ ಪರವಾಗಿ ಮಾತಾಡುತ್ತದೆ. ಮೌಸಿಗೆ ಸರಿಯಾಗಿತ್ತು. ಕೀಬೋರ್ಡಿಗೂ ಸರಿ. ಬೆರಳು ತುಸು ಅಲುಗಿದರೆ ಮಾತ್ರ 'ನೀರು ನೀರು ನೀರು' ಎಂದು ಹುಚ್ಚು ಹಿಡಿದಂತೆ ಬಡಬಡಿಸುತ್ತಿತ್ತು. ಊಟಕ್ಕೆ ಏಳುವ ಮೊದಲೇ ಅವನು ನಿಯಮ ಬರೆದ: ಅಲುಗಾಡಿದ ಸ್ಪರ್ಶ ಸ್ಪರ್ಶವಲ್ಲ. ಆ್ಯಪ್ ಬಾಯಿ ಮುಚ್ಚಿತು.

ಆ ಬೆಳಿಗ್ಗೆ ಹೆಂಡತಿ ಅವನ ಹೆಗಲ ಮೇಲೆ ಕೈಯಿಟ್ಟಿದ್ದಳು. ಇದು ತಟ್ಟಿದ್ದೋ ಒತ್ತಿದ್ದೋ ಎಂದು ಅವನು ತೀರ್ಮಾನಿಸುವಷ್ಟರಲ್ಲಿ ಕೈ ತೆಗೆದಾಗಿತ್ತು.

ಸಂಜೆ ಆ ಆ್ಯಪ್ ಹಾಕಿದ ಟ್ಯಾಬ್ ಹಿಡಿದುಕೊಂಡೇ ಆಸ್ಪತ್ರೆಗೆ ಹೋದ. ಅಲ್ಲಿ ಮಾವ ಮಲಗಿದ್ದರು. ಒಂದು ಕಾಲಕ್ಕೆ ಊರಿಗೆಲ್ಲ ಟೈಪಿಂಗ್ ಕಲಿಸಿದ ಮೇಷ್ಟ್ರು. ಲಕ್ವ ಹೊಡೆದು ನಾಲಿಗೆ ಬಿದ್ದುಹೋಗಿತ್ತು. ಅಳಿಯನನ್ನು ಅವರು ಎಂದೂ ಮೆಚ್ಚಿದವರಲ್ಲ. ಈಗ ಅದನ್ನು ಬಾಯಿಬಿಟ್ಟು ಹೇಳಲಾರರು ಎಂಬುದು ಅವನಿಗೆ ಒಂದು ಬಗೆಯ ನೆಮ್ಮದಿ.

"ಅಪ್ಪ, ಏನು ಬೇಕೋ ಮುಟ್ಟಿ ತೋರ್ಸಿ," ಎಂದಳು ಹೆಂಡತಿ.

ಬೆರಳು ನಡುಗುತ್ತ ಎದ್ದಿತು. ಗಾಜನ್ನು ತಾಗಿತು. ಏನೂ ಆಗಲಿಲ್ಲ. ಮತ್ತೆ ತಾಗಿತು.

"ಕೆಲ್ಸ ಮಾಡ್ತಿಲ್ವಲ್ರೀ?"

"ಮಾಡ್ತಿದೆ."

"ಮತ್ತೆ?"

"ನೆಟ್‌ವರ್ಕ್ ಇಲ್ಲ ಅನ್ಸುತ್ತೆ." ಆ್ಯಪಿಗೆ ನೆಟ್‌ವರ್ಕೇ ಬೇಕಿರಲಿಲ್ಲ.

ಮಾವ ಪರದೆಯನ್ನು ಬಿಟ್ಟು ಅವನ ಮುಂಗೈ ಹಿಡಿದುಕೊಂಡರು. ನಡುಕ ಮೊಣಕೈವರೆಗೂ ಹತ್ತಿ ಬಂತು. ಬೈಯುತ್ತಿದ್ದಾರೋ, ಬೇಡುತ್ತಿದ್ದಾರೋ, ಬರೀ ಆಸರೆಗೆ ಹಿಡಿದಿದ್ದಾರೋ? ಅವನಿಗೆ ಬಗೆಹರಿಯಲಿಲ್ಲ. ಹೆಂಡತಿ ನೋಡುತ್ತಿದ್ದಳು. ಅವನು ಮೆಲ್ಲಗೆ, ಒಂದೊಂದೇ ಬೆರಳು ಬಿಡಿಸಿ ಕೈ ಹಿಂದಕ್ಕೆ ತೆಗೆದುಕೊಂಡ.

"ಸಿಸ್ಟರ್, ಸ್ಕ್ರೀನ್ ಜಿಡ್ಡಾಗಿದೆ. ಸ್ವಲ್ಪ ಒರ್ಸಿ ಕೊಡ್ತೀರಾ?"

ನರ್ಸ್ ಬಂದು ಒದ್ದೆ ಬಟ್ಟೆಯಿಂದ ಕಲೆಯಿದ್ದಲ್ಲೆಲ್ಲ ಒತ್ತಿ ಒತ್ತಿ ಒರೆಸತೊಡಗಿದಳು. ಅವಳ ಕೈ ಒಂದಿಷ್ಟೂ ನಡುಗುತ್ತಿರಲಿಲ್ಲ.

"ನೀರು," ಎಂದಿತು ಹೆಣ್ಣುದನಿ, ಸ್ವಚ್ಛವಾಗಿ. "ನೋವು."

ಹೆಂಡತಿ ತಟ್ಟನೆ ಅಪ್ಪನ ಕಡೆ ತಿರುಗಿದಳು. ಅವರ ಬೆರಳು ಗಾಳಿಯಲ್ಲೇ ಇತ್ತು.

"ಭಯವಾಗುತ್ತಿದೆ," ಎಂದಿತು ಬಟ್ಟೆ. "ಹತ್ತಿರ ಬನ್ನಿ."